ಜೋಗದ ಊರಿನವರಿಗೆ ಜಲಪಾತ ತೋರಿಸಲು ಹೋದರೆ

(ಶನಿವಾರ ರಾತ್ರಿ ನಮ್ಮ ಮನೆ ಗುಂಪಿನಲ್ಲಿ ನಡೆದದ್ದು. ಹೆಸರು ಬೇಡ ಅಂತ ಎಲ್ಲರನ್ನೂ ಫೋನಿನಲ್ಲಿ ನಾನು ಸೇವ್ ಮಾಡಿಕೊಂಡ ಹಾಗೇ ಹಾಕಿದ್ದೇನೆ. ನಡುವೆ ಬಂದ ಗುಲಾಬಿ ಹೂ, ಕೈಮುಗಿದ ಎಮೋಜಿ, ಅಡಿಕೆ ರೇಟು ಎಲ್ಲ ತೆಗೆದಿದ್ದೇನೆ.)

ತಂಗಿ ಲಂಡನ್: [ಪಿಡಿಎಫ್ – ಗೋಲ್ಡನ್ ಸರ್ಕಲ್, ಗೈಡ್ ಜೊತೆ ಒಂದು ದಿನದ ಬಸ್ ಪ್ರವಾಸ]

ತಂಗಿ ಲಂಡನ್: ಅಪ್ಪ ಅಮ್ಮ ಮೇ ತಿಂಗಳಲ್ಲಿ ಬಂದಾಗ ನಾಲ್ಕು ದಿನ ಐಸ್‌ಲ್ಯಾಂಡಿಗೆ ಕರೆದುಕೊಂಡು ಹೋಗೋಣ ಅಂತ ಇದ್ದೇನೆ. ಬೆಳಿಗ್ಗೆ ರೇಕ್ಯವಿಕ್ ಬಿಟ್ಟರೆ ಸಂಜೆ ವಾಪಸ್. ಥಿಂಗ್ವೆಟ್ಲಿರ್ ಕಣಿವೆ, ಗೇಸಿರ್ ಬಿಸಿನೀರಿನ ಬುಗ್ಗೆ, ಗುಲ್‌ಫಾಸ್ ಜಲಪಾತ. ನೋಡಿ ಹೇಳಿ.

ಅತ್ತೆ ಸಾಗರ: ಜಲಪಾತ ಎಷ್ಟು ಎತ್ತರ?

ತಂಗಿ ಲಂಡನ್: 32 ಮೀಟರ್ ಅತ್ತೆ. ಎರಡು ಮೆಟ್ಟಿಲಾಗಿ ಬೀಳುತ್ತದೆ. ಮೊದಲು 11, ಆಮೇಲೆ 21.

ಅತ್ತೆ ಸಾಗರ: ಜೋಗ 253.

ಅತ್ತೆ ಸಾಗರ: ಇಷ್ಟೇ ಹೇಳುವುದಿತ್ತು.

ಅಪ್ಪ: 👍

(ಅಪ್ಪನ ಹೆಬ್ಬೆಟ್ಟು ಯಾರಿಗೆ ಅಂತ ಇವತ್ತಿಗೂ ತಿಳಿದಿಲ್ಲ.)

ಅಕ್ಕ ಮೈಸೂರು: ಅತ್ತೆ, ಎತ್ತರ ಅಳೆಯಲು ಯಾರೂ ಹೋಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅಮ್ಮನ ಮಂಡಿ ನೋವಿಗೆ ಇಡೀ ದಿನ ಬಸ್ ಸರಿಯಾ? ಹತ್ತಿ ಇಳಿದು ಹತ್ತಿ ಇಳಿದು ಸಾಕಾಗುತ್ತದೆ. ಒಂದು ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಬೇಕಾದಲ್ಲಿ ನಿಲ್ಲಿಸಬಹುದು. ಬಾತ್‌ರೂಮಿಗೆ ಗೈಡನ್ನು ಕೇಳಬೇಕಾಗಿಲ್ಲ.

ನಾನು: ಕಾರು ಬೇಡ. ಬಸ್ಸೇ ಸರಿ.

ಅಕ್ಕ ಮೈಸೂರು: ನೀನು ಹೋದಾಗ ಕಾರಲ್ಲೇ ಹೋಗಿದ್ದೆಯಲ್ಲ? ದಿನಕ್ಕೆ ಐವತ್ತು ಫೋಟೋ ಹಾಕಿದ್ದೆ.

ನಾನು: ಹಾಕದೇ ಇದ್ದ ಒಂದು ಫೋಟೋ ಇದೆ. ಗೇಸಿರ್ ಹತ್ತಿರ ನಿಲ್ಲಿಸಿ ಬಾಗಿಲು ತೆಗೆದೆ. ಗಾಳಿ ಬಾಗಿಲನ್ನು ಕಿತ್ತುಕೊಂಡು ಮುಂದಕ್ಕೆ ಮಡಚಿತು. ಮತ್ತೆ ಮುಚ್ಚಲೇ ಇಲ್ಲ. ಹಗ್ಗ ಕಟ್ಟಿ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ರೇಕ್ಯವಿಕ್ ತನಕ ಬಂದೆ. ಅಲ್ಲಿ ಮಾಮೂಲಿ ಇನ್ಶೂರೆನ್ಸ್ ಗಾಳಿಗೆ ಆದ ಡ್ಯಾಮೇಜನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟ ದುಡ್ಡು ಎಷ್ಟು ಅಂತ ಮಾತ್ರ ಕೇಳಬೇಡಿ.

ಅಕ್ಕ ಮೈಸೂರು: ನಾಲ್ಕು ವರ್ಷ ಬಚ್ಚಿಟ್ಟುಕೊಂಡಿದ್ದೆಯಲ್ಲೋ!

ದೊಡ್ಡಪ್ಪ: ಬಾಗಿಲು ತೆಗೆಯುವಾಗ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಬೇಕು.

ನಾನು: ಈಗ ಗೊತ್ತು ದೊಡ್ಡಪ್ಪ.

ಮಾವ ಸಾಗರ: ಪಿಡಿಎಫ್ ಪೂರ್ತಿ ಓದಿದೆ. ಎರಡನೇ ಪುಟದಲ್ಲಿ 'ಒಂದು ಕಾಲು ಅಮೆರಿಕದಲ್ಲಿ, ಒಂದು ಕಾಲು ಯುರೋಪಿನಲ್ಲಿ ಇಟ್ಟು ನಿಲ್ಲಿ' ಅಂತ ಇದೆ. ಇದು ಸುಳ್ಳು. ಭೂಮಿಯ ಚಿಪ್ಪು ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ. ಥಿಂಗ್ವೆಟ್ಲಿರ್‌ನಲ್ಲಿ ನಡೆದಾಡುವ ಆಲ್ಮನ್ನಗ್ಯಾ ಅನ್ನುವ ಕಮರಿ ಉತ್ತರ ಅಮೆರಿಕದ ಫಲಕದ ಅಂಚು ಮಾತ್ರ. ಯುರೋಪಿನ ಕಡೆಯ ಫಲಕದ ಅಂಚು ಅಲ್ಲಿಂದ ಎಷ್ಟೋ ಕಿಲೋಮೀಟರ್ ದೂರ. ನಡುವೆ ನೆಲ ಕುಸಿದು ಅಗಲವಾದ ತಗ್ಗಾಗಿದೆ. ಅಷ್ಟು ಅಗಲಕ್ಕೆ ಕಾಲು ಹಾಕಲು ವಾಮನನೇ ಬರಬೇಕು.

(ಮಾವ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವರು.)

ತಂಗಿ ಲಂಡನ್: ಮಾವ, ಅದು ಜಾಹೀರಾತು. ಅಷ್ಟು ಗಟ್ಟಿಯಾಗಿ ಹಿಡಿಯಬೇಡಿ.

ಮಾವ ಸಾಗರ: ನಿಜವೇ ಅದಕ್ಕಿಂತ ಚೆನ್ನಾಗಿದೆ, ಅದನ್ನು ಬರೆಯಬಹುದಿತ್ತಲ್ಲ? ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಉದ್ದಕ್ಕೂ ಒಂದು ಬೆಟ್ಟದ ಸಾಲಿದೆ. ಅದು ನೀರಿನಿಂದ ಮೇಲೆ ಬಂದು ಇಷ್ಟು ದೊಡ್ಡ ನೆಲವಾದದ್ದು ಐಸ್‌ಲ್ಯಾಂಡಿನಲ್ಲಿ. ಎರಡು ಫಲಕಗಳು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ದೂರ ಆಗುತ್ತಿವೆ. ನಮ್ಮ ಮದುವೆಯಾಗಿ 40 ವರ್ಷ. ಅಷ್ಟರಲ್ಲಿ 80 ಸೆಂಟಿಮೀಟರ್. ಒಂದು ಬಾಗಿಲಿನ ಅಗಲ.

ಅತ್ತೆ ಸಾಗರ: ನಿಮ್ಮ ನನ್ನ ನಡುವೆ ಅದಕ್ಕಿಂತ ಜಾಸ್ತಿ ಆಗಿದೆ. ಊಟಕ್ಕೆ ಬನ್ನಿ.

ಚಿಕ್ಕಮ್ಮ ಪುತ್ತೂರು: 😂😂

ಚಿಕ್ಕಮ್ಮ ಪುತ್ತೂರು: ಬಿಸಿನೀರಿನ ಬುಗ್ಗೆ ನೋಡಲು ಅಷ್ಟು ದೂರ ಯಾಕೆ ಅಕ್ಕ? ನಮ್ಮ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆಯಲ್ಲ. ಚಿಕ್ಕವರಿದ್ದಾಗ ಹೋಗಿ ಮಿಂದದ್ದು ಮರೆತೆಯಾ? ಭಾವನವರನ್ನೂ ಕರೆದುಕೊಂಡು ಬಾ. ವೀಸಾ ಬೇಡ.

(ಇಲ್ಲಿ ಅಕ್ಕ ಅಂದರೆ ನಮ್ಮ ಅಮ್ಮ.)

ನಾನು: ಚಿಕ್ಕಮ್ಮ, ಬೆಂದ್ರ್ ತೀರ್ಥದಲ್ಲಿ ಮೀಯಬಹುದು. ಗೇಸಿರ್‌ನಲ್ಲಿ ಬೆರಳು ಅದ್ದಿದರೆ ಬೆರಳು ಬೇಯುತ್ತದೆ. ಅಲ್ಲಿ ಸ್ಟ್ರೋಕ್ಕುರ್ ಅಂತ ಒಂದು ಬುಗ್ಗೆ. ಐದರಿಂದ ಹತ್ತು ನಿಮಿಷಕ್ಕೆ ಒಮ್ಮೆ ಚಿಮ್ಮುತ್ತದೆ. ಚಿಮ್ಮುವುದಕ್ಕಿಂತ ಅದರ ಹಿಂದಿನ ಕ್ಷಣ ನೋಡಬೇಕು. ಕೊಳದ ನೀರು ಒಮ್ಮೆ ಉಸಿರು ಒಳಗೆ ಎಳೆದುಕೊಂಡ ಹಾಗೆ ಕೆಳಗೆ ಹೋಗುತ್ತದೆ. ಆಮೇಲೆ ಎಣ್ಣೆಯಲ್ಲಿ ಪೂರಿ ಉಬ್ಬಿದ ಹಾಗೆ ನೀರೇ ಉಬ್ಬುತ್ತದೆ. ತೆಳು ನೀಲಿ ಬಣ್ಣ, ಒಳಗೆ ಬಿಳಿ ಗುಳ್ಳೆ. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಒಡೆದು ಇಪ್ಪತ್ತು ಮೀಟರ್ ಮೇಲೆ. ನಾನು ಒಂಬತ್ತು ಸಲ ನಿಂತು ನೋಡಿದೆ. ಎಂಟು ಸಲ ಫೋನ್ ಹಿಡಿದುಕೊಂಡೇ ಇದ್ದೆ, ಆ ನೀಲಿ ಕಂಡದ್ದು ಒಂಬತ್ತನೇ ಸಲ.

ಮಾವ ಸಾಗರ: ಕಾರಣ ಸರಳ. ಹಂಡೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಅಲ್ಲಿ ಆಳದಲ್ಲಿರುವ ನೀರಿನ ಮೇಲೆ ಕೊಳವೆ ತುಂಬ ನೀರಿನ ಭಾರ. 100 ದಾಟಿದರೂ ಕುದಿಯಲು ಬಿಡುವುದಿಲ್ಲ. ಕೊನೆಗೆ ತಡೆಯಲಾರದೆ ಒಂದು ಕಡೆ ಆವಿ ಎದ್ದರೆ ಮೇಲಿನ ಭಾರ ಕಡಿಮೆಯಾಗಿ ಎಲ್ಲ ಒಟ್ಟಿಗೇ ಆವಿಯಾಗುತ್ತದೆ.

ಮಾವ ಸಾಗರ: ಇನ್ನೊಂದು. ನಮ್ಮ ಬಚ್ಚಲಿನ ಗೀಸರ್ ಅನ್ನುವ ಹೆಸರು ಇದೇ ಗೇಸಿರ್‌ನಿಂದ ಬಂದದ್ದು. ಅದು ಒಂದು ಬುಗ್ಗೆಯ ಹೆಸರು. ಆ ಹಳೆ ಗೇಸಿರ್ ಈಗ ಬಹುಪಾಲು ಮಲಗಿಯೇ ಇರುತ್ತದೆ. ಪಕ್ಕದ ಸ್ಟ್ರೋಕ್ಕುರ್ ಮಾತ್ರ ಕೆಲಸ ಮಾಡುತ್ತದೆ.

ಅಕ್ಕ ಮೈಸೂರು: ನಮ್ಮನೆ ಗೀಸರ್ ಕೂಡ ಮಲಗಿಯೇ ಇರುತ್ತದೆ.

ಅತ್ತೆ ಸಾಗರ: ವಾಸನೆ ಇರುತ್ತದಂತೆ ಹೌದಾ?

ತಂಗಿ ಲಂಡನ್: ಕೊಳೆತ ಮೊಟ್ಟೆಯ ಹಾಗೆ ಅಂತಾರೆ ಅತ್ತೆ. ಗಂಧಕದ್ದು. ಹೋಟೆಲಿನ ನಲ್ಲಿಯ ಬಿಸಿನೀರಲ್ಲೂ ಸ್ವಲ್ಪ ಬರುತ್ತದೆ, ಅದೂ ನೆಲದಡಿಯದೇ.

ಅತ್ತೆ ಸಾಗರ: ನಾವು ಹೊಸ ಮೊಟ್ಟೆಯನ್ನೇ ಮನೆಗೆ ತಂದವರಲ್ಲ. ಕೊಳೆತದ್ದು ಹೇಗೆ ಗೊತ್ತಾಗಬೇಕು?

(ಇಲ್ಲಿಗೆ ಮುಗಿಯಬೇಕಿತ್ತು. ನಾನು ಸುಮ್ನೆ ಇರದೆ ಮತ್ತೆ ಜೋಗಕ್ಕೆ ಹೋದೆ. ತಪ್ಪು ನನ್ನದೇ.)

ನಾನು: ಅತ್ತೆ, ಎತ್ತರದ ಮಾತಿಗೆ ಒಂದು ಉತ್ತರ ಬಾಕಿ ಇದೆ. ಗುಲ್‌ಫಾಸ್ ಅಂದರೆ ಚಿನ್ನದ ಜಲಪಾತ. ಹ್ವೀತಾ ನದಿ ಅಗಲವಾಗಿ ಬಂದು, ಅಡ್ಡಕ್ಕೆ ಸೀಳಿದ ಕಮರಿಯೊಳಗೆ ಬೀಳುತ್ತದೆ. ಮೇಲಿನಿಂದ ನೋಡಿದರೆ ನದಿ ನೆಲದೊಳಗೆ ನುಗ್ಗಿ ಮಾಯವಾದ ಹಾಗೆ ಕಾಣುತ್ತದೆ. ಅದಕ್ಕೂ ಕರೆಂಟ್ ಕಂಪನಿಯವರು ಕಣ್ಣು ಹಾಕಿದ್ದರು. ಅಲ್ಲಿನ ರೈತನ ಮಗಳು ಸಿಗ್ರಿದುರ್ ತೋಮಸ್‌ದೋತ್ತಿರ್ ವರ್ಷಗಟ್ಟಲೆ ಹೋರಾಡಿದಳು. ರೇಕ್ಯವಿಕ್‌ಗೆ ನಡೆದುಕೊಂಡೇ ಹೋಗುತ್ತಿದ್ದಳು, ನೂರು ಕಿಲೋಮೀಟರಿಗೂ ಜಾಸ್ತಿ. ಜಲಪಾತಕ್ಕೆ ಹಾರುತ್ತೇನೆ ಅಂತ ಹೆದರಿಸಿದಳು ಅಂತಲೂ ಕಥೆ ಇದೆ. ಅವಳ ವಕೀಲ ಮುಂದೆ ಆ ದೇಶದ ಮೊದಲ ಅಧ್ಯಕ್ಷನಾದ. ಕೋರ್ಟಿನಲ್ಲಿ ಸೋತಳು. ಆದರೆ ಬಾಡಿಗೆ ಕಟ್ಟದೆ ಕಂಪನಿಯ ಗುತ್ತಿಗೆ ತಪ್ಪಿತು. 1979ರಿಂದ ಅದು ಸಂರಕ್ಷಿತ ಜಾಗ. ಆ ನೀರು ತನ್ನ ಇಷ್ಟಕ್ಕೆ ಬೀಳುತ್ತದೆ. ನಮ್ಮ ಜೋಗ 253 ಮೀಟರ್ ಹೌದು, ಆದರೆ ಏಪ್ರಿಲ್‌ನಲ್ಲಿ ಹೋದರೆ ಬಂಡೆ ಕಾಣುತ್ತದೆ. ನೆಂಟರಿಗೆ 'ಮಳೆಗಾಲದಲ್ಲಿ ಬನ್ನಿ' ಅಂತ ಹೇಳಿ ಕಳಿಸುತ್ತೇವೆ.

(ಏಳು ನಿಮಿಷ ಯಾರೂ ಬರೆಯಲಿಲ್ಲ. 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಅಂತ ಬರುತ್ತಿತ್ತು, ಹೋಗುತ್ತಿತ್ತು.)

ದೊಡ್ಡಪ್ಪ: ಮಾರಾಯ, ನೀನು ಬೆಂಗಳೂರಿನಲ್ಲಿ ಕೂತು ಬರೆಯುತ್ತಿದ್ದೀಯ. ಫೋನ್ ಚಾರ್ಜ್ ಎಲ್ಲಿಂದ ಬಂತು? 1964ರಲ್ಲಿ, ಜೋಗದ ಮೇಲ್ಭಾಗದಲ್ಲಿ ಕರೆಂಟಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ತುಂಬಿತು, ನಮ್ಮ ಊರು ಮುಳುಗಿತು. ನನಗೆ ಆಗ ಹನ್ನೊಂದು. ಅಜ್ಜ ಮನೆಯ ಮುಂಬಾಗಿಲನ್ನು ದಾರಂದದ ಸಮೇತ ಕಿತ್ತು ಎತ್ತಿನ ಗಾಡಿಗೆ ಹಾಕಿದರು. ತೋಟವನ್ನು ಗಾಡಿಗೆ ಹಾಕಲಾಗಲಿಲ್ಲ. ಆ ಬಾಗಿಲು ಈಗಲೂ ನಮ್ಮ ಕೊಟ್ಟಿಗೆಗೆ ಇದೆ, ನೀನು ಅದಕ್ಕೆ ಒರಗಿ ಫೋಟೋ ತೆಗೆಸಿಕೊಂಡಿದ್ದೀಯ. ಹಿನ್ನೀರು ಕಡಿಮೆಯಾದ ವರ್ಷ ಮಡೆನೂರಿನ ಹಳೆ ಅಣೆಕಟ್ಟು ತಲೆ ಎತ್ತುತ್ತದೆ. ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದ ಜಾಗ ಅದು. ಜೋಗ ಬತ್ತಿತು ಅಂತ ನಿನಗೆ ಈಗ ಬೇಜಾರು. ನಮಗೆ ಆ ಬೇಜಾರಿಗೆ ಪುರುಸೊತ್ತು ಇರಲಿಲ್ಲ.

ನಾನು: ನಾನು ಹಾಗಲ್ಲ ಹೇಳಿದ್ದು ದೊಡ್ಡಪ್ಪ.

ದೊಡ್ಡಪ್ಪ: ಗೊತ್ತು. ಆದರೂ ಹೇಳಿದೆ.

ಮಾವ ಸಾಗರ: ಭಾವ ಹೇಳಿದ್ದು ಸರಿ. ಮತ್ತೆ, ಐಸ್‌ಲ್ಯಾಂಡಿನವರು ಅಣೆಕಟ್ಟು ಕಟ್ಟದ ಸಂತರು ಅಂತ ತಿಳಿಯಬೇಡ. ಪೂರ್ವದಲ್ಲಿ ಕಾರಾನ್ಯೂಕರ್ ಅಂತ 690 ಮೆಗಾವಾಟಿನ ಯೋಜನೆ. ಅಣೆಕಟ್ಟು ಸುಮಾರು 190 ಮೀಟರ್ ಎತ್ತರ. ಕರೆಂಟ್ ಎಲ್ಲ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆ. ಅಲ್ಲೂ ಜಲಪಾತಗಳು ಹೋದವು. ಬೀದಿಗೆ ಇಳಿದು ಜನ ಬೇಡ ಅಂದರು, ಆದರೂ ಕಟ್ಟಿದರು.

ನಾನು: ಹಾಗಾದರೆ ಒಂದನ್ನಾದರೂ ಉಳಿಸಿದರಲ್ಲ ಮಾವ?

ಮಾವ ಸಾಗರ: ಬಸ್ ಹೋಗುವ ದಾರಿಯಲ್ಲಿ ಇರುವುದನ್ನು ಉಳಿಸಿದರು.

(ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.)

ಅತ್ತೆ ಸಾಗರ: ಹೋದ ಜುಲೈನಲ್ಲಿ ಜೋಗಕ್ಕೆ ಹೋಗಿದ್ದೆ. ಮಂಜು ಮುಚ್ಚಿತ್ತು. ಒಂದು ಗಂಟೆ ಕೊಡೆ ಹಿಡಿದು ನಿಂತೆವು, ಶಬ್ದ ಮಾತ್ರ. ಹೊರಡಬೇಕು ಅನ್ನುವಾಗ ಎರಡು ನಿಮಿಷ ಮಂಜು ಸರಿಯಿತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. ಜೋಳದ ತೆನೆ ಮಾರುವ ಹುಡುಗನೂ ಮಾರುವುದು ಬಿಟ್ಟು ನೋಡಿದ. ದಿನಾ ನೋಡುವವನು. ನಿಮ್ಮ ಬಸ್ಸು ಒಂದು ಗಂಟೆ ಕಾಯುತ್ತದಾ?

ತಂಗಿ ಲಂಡನ್: ಪಿಡಿಎಫ್‌ನಲ್ಲಿ ಗುಲ್‌ಫಾಸ್‌ಗೆ ಒಂದು ಗಂಟೆಯೇ ಬರೆದಿದ್ದಾರೆ ಅತ್ತೆ. 😊 ಊಟವೂ ಅದರಲ್ಲೇ.

ಅಕ್ಕ ಮೈಸೂರು: ಜಗಳ ಆಯಿತಾ? ಅಮ್ಮನ ಮಂಡಿಯ ವಿಷಯ ಯಾರೂ ಮಾತಾಡಲಿಲ್ಲ.

ನಾನು: ಗುಲ್‌ಫಾಸ್‌ನಲ್ಲಿ ಮೇಲಿನ ನೋಟದ ಜಾಗಕ್ಕೆ ಸಮತಟ್ಟು ದಾರಿ. ಕೆಳಗೆ ಹೋಗಲು ಮಾತ್ರ ಮೆಟ್ಟಿಲು, ಅದನ್ನು ಬಿಡಬಹುದು. ಗೇಸಿರ್ ಸುತ್ತ ನಡೆಯಲು ಕಷ್ಟವಿಲ್ಲ. ಥಿಂಗ್ವೆಟ್ಲಿರ್‌ನಲ್ಲಿ ಇಳಿಜಾರಿದೆ. ಅಪ್ಪ ಇಳಿಯಲಿ. ಅಮ್ಮ ಮೇಲೆ ನಿಂತೇ ನೋಡಬಹುದು. ಕ್ರಿ.ಶ. 930ರಲ್ಲಿ ಬಯಲಿನಲ್ಲೇ ಪಾರ್ಲಿಮೆಂಟ್ ಸೇರಲು ಶುರು ಮಾಡಿದ ಜಾಗ ಅದು. ಬಂಡೆಯ ಮೇಲೆ ನಿಂತು ಒಬ್ಬ ಕಾನೂನನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. ವರ್ಷಕ್ಕೆ ಮೂರನೇ ಒಂದು ಭಾಗ.

ದೊಡ್ಡಪ್ಪ: ಪುಸ್ತಕ ಇಲ್ಲದೆ?

ನಾನು: ಇಲ್ಲದೆ.

ದೊಡ್ಡಪ್ಪ: ಹಾಗಾದರೆ ಅದು ನೋಡುವ ಜಾಗ.

ತಂಗಿ ಲಂಡನ್: ಬಸ್ ಹೋಟೆಲ್ ಬಾಗಿಲಿಗೆ ಬರುವುದಿಲ್ಲ, ಹತ್ತಿರದ ನಂಬರ್ ಹಾಕಿದ ಸ್ಟಾಪಿಗೆ ನಡೆಯಬೇಕು. ಅಷ್ಟೇ ಕಷ್ಟ. ಅಮ್ಮ, ನೀನು ಏನೂ ಹೇಳಲಿಲ್ಲ. ಓದುತ್ತಿದ್ದೀಯಾ? ನೀಲಿ ಟಿಕ್ ಬಂದಿದೆ.

ಅಮ್ಮ: ಓದಿದೆ.

ಅಮ್ಮ: ನಾನು ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ ಮನೆಗೆ ಬಂದ ನೆಂಟರನ್ನೆಲ್ಲ ಜೋಗಕ್ಕೆ ಕರೆದುಕೊಂಡು ಹೋದವಳು ನಾನೇ. ಪ್ರತಿ ಸಲ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಟ್ಟಿದ್ದೇನೆ. ಜಲಪಾತ ಸಾಕು.

ತಂಗಿ ಲಂಡನ್: ಅಯ್ಯೋ. ಬೇಡವಾ ಹಾಗಾದರೆ?

ಅಮ್ಮ: ಕೊನೆ ಪುಟದಲ್ಲಿ ಇನ್ನೊಂದು ಬಸ್ಸಿನದು ಸಣ್ಣಕ್ಷರದಲ್ಲಿ ಇದೆ. ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರಂತೆ. ಹೊರಗೆ ಹಿಮ ಇದ್ದಾಗಲೂ. ಅದೇ ಬಿಸಿನೀರು ಪೈಪಿನಲ್ಲಿ ಬಿಟ್ಟು.

ನಾನು: ಹೌದಮ್ಮ. ರೇಕ್‌ಹೋಲ್ಟ್ ಅಂತ ಊರು. ಹೂವಿಗೆ ದುಂಬಿ ಸಾಕಿದ್ದಾರೆ. ಗಿಡಗಳ ನಡುವೆಯೇ ಟೇಬಲ್ ಹಾಕಿ ಟೊಮೆಟೊ ಸೂಪ್ ಕೊಡುತ್ತಾರೆ.

ಅಮ್ಮ: ನನ್ನ ಹಿತ್ತಲ ಟೊಮೆಟೊ ಮಳೆಗೆ ಪ್ರತಿ ವರ್ಷ ಕೊಳೆಯುತ್ತದೆ. ಅದು ನೋಡಬೇಕು ನನಗೆ. ಈ ಬಸ್ಸು ಅಲ್ಲಿ ನಿಲ್ಲುತ್ತದಾ?

ತಂಗಿ ಲಂಡನ್: ಇದು ನಿಲ್ಲುವುದಿಲ್ಲ. ಆ ಇನ್ನೊಂದು ನಿಲ್ಲುತ್ತದೆ.

ಅಮ್ಮ: ಅದಕ್ಕೇ ಬುಕ್ ಮಾಡು. ಸೂಪಿಗೆ ಬೆಳ್ಳುಳ್ಳಿ ಹಾಕುತ್ತಾರಾ ಕೇಳು, ನಿಮ್ಮಪ್ಪ ತಿನ್ನುವುದಿಲ್ಲ.

ಅಪ್ಪ: 👍