ಡ್ರೈವ್‌ನ ‘ಬೀಗ’ ಮತ್ತು ‘ಗೂಢಲಿಪಿ’: ಎರಡಕ್ಕೂ ಬೇರೆ ಮಾತು ಬೇಕು

ಕಂಪ್ಯೂಟರಿನ ಕನ್ನಡ ಪದಗಳ ಬಗ್ಗೆ ಬಲ್ಲವರಲ್ಲಿ ಒಂದು ವಿನಂತಿ.

ತೀರ್ಥಹಳ್ಳಿ, ಹೊಸನಗರ ಕಡೆಯ ಬೆಳೆಗಾರರಿಗಾಗಿ, ಕಂಪ್ಯೂಟರಿನಲ್ಲಿರುವ ಖಾಸಗಿ ದಾಖಲೆಗಳನ್ನು ಕಾಪಾಡಿಕೊಳ್ಳುವ ಬಗ್ಗೆ ಕೈಪಿಡಿ ಬರೆಯುತ್ತಿದ್ದೇನೆ. ಪಹಣಿ, ಆಧಾರ್ ಪ್ರತಿ, ಮಂಡಿ ಲೆಕ್ಕ ಎಲ್ಲವೂ ಈಗ ಲ್ಯಾಪ್‌ಟಾಪಿನಲ್ಲೇ. ಮಳೆಗಾಲದ ಥಂಡಿಗೆ ಅದು ಕೈಕೊಟ್ಟರೆ ದಾಖಲೆಗಳೆಲ್ಲ ಇರುವ ಡ್ರೈವ್ ಸಮೇತ ಶಿವಮೊಗ್ಗದ ರಿಪೇರಿ ಅಂಗಡಿ ಸೇರುತ್ತದೆ. ‘ಪಾಸ್‌ವರ್ಡ್ ಹಾಕಿದೀನಲ್ಲ, ಲಾಕ್ ಆಗಿದೆ’ ಎಂಬ ಧೈರ್ಯ ಜನರದು. ಎನ್‌ಕ್ರಿಪ್ಶನ್ (ಕೀಲಿ ಇಲ್ಲದವರು ಓದಲಾಗದಂತೆ ದಾಖಲೆಯನ್ನು ಗೂಢಲಿಪಿಗೆ ತಿರುಗಿಸುವುದು) ಇಲ್ಲದೆ ಬರೀ ವಿಂಡೋಸ್ ಪಾಸ್‌ವರ್ಡ್ ಇದ್ದರೆ, ಡ್ರೈವ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದವರು ಎಲ್ಲವನ್ನೂ ಓದಬಹುದು.

ಹಾರ್ಡ್‌ವೇರ್‌ಗೆ ‘ಯಂತ್ರಾಂಶ’ ಇದೆ, ಅದರಲ್ಲಿ ತಕರಾರಿಲ್ಲ. ನನ್ನನ್ನು ಕಾಡುತ್ತಿರುವುದು ಎನ್‌ಕ್ರಿಪ್ಶನ್‌ಗೂ ‘ಬೀಗ’ ಎಂದುಬಿಡುವುದು. ಗೋದಾಮಿನ ಬೀಗ ಒಡೆದರೆ ಅಡಿಕೆ ಅಡಿಕೆಯಾಗಿಯೇ ಸಿಗುತ್ತದೆ. ಎನ್‌ಕ್ರಿಪ್ಟ್ ಆದ ಡ್ರೈವ್‌ನಿಂದ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ. ತಮ್ಮೊಳಗೇ ಎನ್‌ಕ್ರಿಪ್ಟ್ ಮಾಡಿಕೊಳ್ಳುವ ಡ್ರೈವ್‌ಗಳಲ್ಲಿ ಗೂಢಲಿಪಿ, ಬೀಗ ಎರಡಕ್ಕೂ ಏರ್ಪಾಡಿದೆ. ಅಲ್ಲಿನ ಚಿಪ್, ಬರೆದದ್ದನ್ನೆಲ್ಲ ಎಇಎಸ್ ಎಂಬ ಎನ್‌ಕ್ರಿಪ್ಶನ್ ವಿಧಾನದಿಂದ ಗೂಢಲಿಪಿಗೆ ತಿರುಗಿಸುತ್ತಲೇ ಇರುತ್ತದೆ; ಅದಕ್ಕೆ ಬೇಕಾದ ಕೀಲಿ ಡ್ರೈವ್ ಬಿಟ್ಟು ಹೊರಬರುವುದಿಲ್ಲ. ಆದರೆ ನಾವು ಡ್ರೈವ್‌ಗೆ ಪಾಸ್‌ವರ್ಡ್ ಹೊಂದಿಸದಿದ್ದರೆ ಕೇಳಿದವರಿಗೆಲ್ಲ ಬಿಡಿಸಿ ಕೊಡುತ್ತದೆ. ಅಂದರೆ ಗೂಢಲಿಪಿ ಇದೆ, ಬೀಗವಿಲ್ಲ. ಇಂಥ ಡ್ರೈವ್‌ಗಳಿಗೆಂದೇ 2009ರಲ್ಲಿ ಬಂದ ಓಪಲ್ ಎಂಬ ಮಾನದಂಡದಂತೆ ಪಾಸ್‌ವರ್ಡ್ ಹೊಂದಿಸಿದರೆ, ಡ್ರೈವ್‌ಗೆ ಬರುವ ಕರೆಂಟು ನಿಂತೊಡನೆ ಅದಕ್ಕೆ ಬೀಗ ಬೀಳುತ್ತದೆ.

ಇದು ಬರೀ ಪದದ ಹಟವಲ್ಲ. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಎಸ್‌ಎಸ್‌ಡಿಗಳಲ್ಲಿ (ಚಿಪ್‌ಗಳಲ್ಲಿ ದಾಖಲೆ ಇಡುವ ಡ್ರೈವ್‌ಗಳಲ್ಲಿ) ಪಾಸ್‌ವರ್ಡಿಗೂ ಒಳಗಿನ ಕೀಲಿಗೂ ನಂಟೇ ಇಲ್ಲದಿರುವುದನ್ನು ತೋರಿಸಿದರು. ಬೀಗವನ್ನು ತಪ್ಪಿಸಿದರೆ ಸಾಕು, ಡ್ರೈವ್ ತಾನೇ ಎಲ್ಲವನ್ನೂ ಬಿಡಿಸಿ ಕೊಡುತ್ತಿತ್ತು. ಮರುವರ್ಷ ಮೈಕ್ರೋಸಾಫ್ಟ್, ವಿಂಡೋಸ್‌ನಲ್ಲಿರುವ ತನ್ನ ಎನ್‌ಕ್ರಿಪ್ಶನ್ ಸೌಲಭ್ಯ ‘ಬಿಟ್‌ಲಾಕರ್’ನಲ್ಲಿ, ಡ್ರೈವ್ ಮಾಡುವ ಎನ್‌ಕ್ರಿಪ್ಶನ್ನನ್ನು ತಾನಾಗಿ ನೆಚ್ಚುವುದನ್ನು ನಿಲ್ಲಿಸಿ, ತಂತ್ರಾಂಶದ ದಾರಿ ಹಿಡಿಯಿತು. ಎರಡಕ್ಕೂ ‘ಲಾಕ್’ ಎಂದೇ ಬರೆದರೆ ಈ ದೋಷ ಏನೆಂದು ಓದುಗರಿಗೆ ತಿಳಿಸುವುದು ಹೇಗೆ?

ಇನ್ನು ‘ಕೀಲಿ’. ಧಾರವಾಡದ ಕಡೆ ‘ಕೀಲಿ ಹಾಕು’ ಎಂದರೆ ಬೀಗ ಹಾಕುವುದು, ತೆರೆಯುವುದು ‘ಕೀಲಿಕೈ’. ನಮ್ಮಲ್ಲಿ ಬೀಗ, ಬೀಗದಕೈ. ಹಾಗಾಗಿ ‘ಕೀಲಿ’ಗಿಂತ ‘ಕೀಲಿಕೈ’ ಎಂದರೆ ಎರಡೂ ಕಡೆ ಅರ್ಥ ಕೆಡುವುದಿಲ್ಲ ಎನಿಸುತ್ತದೆ. ಡ್ರೈವ್‌ನೊಳಗಿನದಕ್ಕೆ ‘ಒಳಕೀಲಿಕೈ’, ಕ್ರಿಯೆಗೆ ‘ಗೂಢಲಿಪಿಗೆ ತಿರುಗಿಸು’ ಎಂದು ಬರೆದಿದ್ದೇನೆ. ‘ಗೂಢಲಿಪೀಕರಣ’ ಓದುವಾಗಲೇ ನಾಲಿಗೆಗೆ ಭಾರ.

ಸಿಗದಿರುವುದು ಒಂದು ಪದ. ಹಳೆಯ ಡ್ರೈವ್ ಮಾರುವ ಮುನ್ನ ಒಳಕೀಲಿಕೈ ಒಂದನ್ನೇ ಅಳಿಸಿ ಹೊಸದನ್ನು ಹುಟ್ಟಿಸಿದರೆ, ಟೆರಾಬೈಟ್‌ಗಟ್ಟಲೆ ದಾಖಲೆ ಕ್ಷಣದಲ್ಲಿ ಓದಲಾಗದಂತಾಗುತ್ತದೆ. ಇದಕ್ಕೆ ‘ಅಳಿಸು’ ಎನ್ನಲು ಮನಸ್ಸೊಪ್ಪದು. ಬರೆದದ್ದು ಅಳಿಯುವುದಿಲ್ಲ, ಓದುವ ದಾರಿ ಮಾತ್ರ ಮುಚ್ಚುತ್ತದೆ. ನಿಮ್ಮ ಊರಿನ ಮಾತಿನಲ್ಲಿ ಇದಕ್ಕೊಪ್ಪುವ ಕ್ರಿಯಾಪದ ಇದೆಯೇ?