ಪಿಸಿಫಾರ್ಮ್ ಕಾರ್ಪಲ್ ಮೂಳೆಯೋ, ಸೆಸಮಾಯ್ಡೋ? ಬಿಡಿ ಮೂಳೆ ಗುರುತಿಸುವುದು ಹೇಗೆ?

ಪ್ರಶ್ನೆ

ಮಣಿಕಟ್ಟಿನ ಎಂಟು ಮೂಳೆಗಳ (ಕಾರ್ಪಲ್ ಮೂಳೆಗಳ) ಹೆಸರು ಬಾಯಿಪಾಠ ಆಗಿದೆ. ಆದರೆ ಬಿಡಿ ಮೂಳೆ ಕೈಗಿಟ್ಟರೆ ಟ್ರಪೀಜಿಯಮ್ ಯಾವುದು, ಟ್ರಪೀಜಾಯ್ಡ್ ಯಾವುದು ಎಂದು ತಡವರಿಸಬೇಕಾಗುತ್ತದೆ. ಪಿಸಿಫಾರ್ಮ್ ವಿಷಯದಲ್ಲಿ ಇನ್ನೂ ಗೊಂದಲ. ಎಂಟರ ಲೆಕ್ಕದಲ್ಲೂ ಅದು ಇದೆ, ಸೆಸಮಾಯ್ಡ್ (ಸ್ನಾಯುರಜ್ಜುವಿನೊಳಗೆ ಹುದುಗಿರುವ ಪುಟ್ಟ ಮೂಳೆ) ಎಂದೂ ಬರೆದಿರುತ್ತಾರೆ. ಯಾವುದು ಸರಿ? ಹಾಗೆಯೇ ಹೆಬ್ಬೆರಳ ಬುಡದಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಪುಟ್ಟ ಗುಂಡು ಮೂಳೆಗಳನ್ನು ಮುರಿದ ಚೂರಿನಿಂದ ಬೇರೆ ಮಾಡುವುದು ಹೇಗೆ?

ಉತ್ತರ 1

ಬಿಡಿ ಮೂಳೆಯಲ್ಲಿ ಆಕಾರದ ಹೆಸರನ್ನು ನೆನಪಿಸಿಕೊಳ್ಳುತ್ತಾ ಕೂರಬೇಡಿ. ಪ್ರತಿ ಮೂಳೆಗೂ ಬೇರಾವುದಕ್ಕೂ ಇಲ್ಲದ ಒಂದು ಗುರುತಿದೆ, ಅದನ್ನು ಹುಡುಕಿ.

ಕೊಕ್ಕೆ ಇದ್ದರೆ ಹ್ಯಾಮೇಟ್. ಎಲ್ಲಕ್ಕಿಂತ ದೊಡ್ಡದು, ಒಂದು ತುದಿಯಲ್ಲಿ ದುಂಡು ತಲೆ ಇದ್ದರೆ ಕ್ಯಾಪಿಟೇಟ್. ಆ ತಲೆ ಕೂರುವಷ್ಟು ಆಳದ ಬಟ್ಟಲು ಇರುವುದು ಲುನೇಟ್. ಬಟಾಣಿ ಗಾತ್ರದ್ದು, ಕೀಲಿನ ಮುಖ ಒಂದೇ ಒಂದು ಇದ್ದರೆ ಪಿಸಿಫಾರ್ಮ್. ಆ ಬಟಾಣಿ ಕೂರಲು ಅಂಗೈ ಬದಿಯಲ್ಲಿ ಒಂಟಿಯಾಗಿ ಅಂಡಾಕಾರದ ನುಣುಪು ಜಾಗ ಇರುವುದು ಟ್ರೈಕ್ವೆಟ್ರಮ್. ನಡು ಸಣ್ಣಗಾಗಿ ದೋಣಿಯಂತೆ ಬಾಗಿದ್ದು, ಒಂದು ಕಡೆ ಗುಬುಟು ಇದ್ದರೆ ಸ್ಕೇಫಾಯ್ಡ್.

ಉಳಿದೆರಡೇ ಎಲ್ಲರನ್ನೂ ಕೆಡಿಸುವುದು. ಟ್ರಪೀಜಿಯಮ್‌ಗೆ ಅಂಗೈ ಬದಿಯಲ್ಲಿ ಒಂದು ಏಣು, ಅದರ ಪಕ್ಕದಲ್ಲೇ ಒಂದು ಕಾಲುವೆ. ಮಣಿಕಟ್ಟನ್ನು ಬಾಗಿಸುವ ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್ ಸ್ನಾಯುವಿನ ರಜ್ಜು ಹಾಯುವುದು ಅದರಲ್ಲೇ. ಹೆಬ್ಬೆರಳು ಕೂರುವ ಕಡೆ ಕುದುರೆ ಜೀನಿನಂತೆ ಎರಡು ದಿಕ್ಕಿಗೆ ಬಾಗಿರುತ್ತದೆ. ಟ್ರಪೀಜಾಯ್ಡ್ ಚಿಕ್ಕದು, ಬೆಣೆಯಂತೆ ಇರುತ್ತದೆ. ಕೈಯ ಹಿಂಬದಿಗೆ ಅಗಲ, ಅಂಗೈ ಬದಿಗೆ ಕಿರಿದು. ಕಾಲುವೆ ಇಲ್ಲದಿದ್ದರೆ ಅದು ಟ್ರಪೀಜಿಯಮ್ ಅಲ್ಲ, ಅಷ್ಟು ನೆನಪಿಟ್ಟರೆ ಸಾಕು.

ಉತ್ತರ 2

ಪಿಸಿಫಾರ್ಮ್ ಬಗ್ಗೆ. ಕೆಲಸ ನೋಡಿದರೆ ಅದು ಸೆಸಮಾಯ್ಡ್. ಮಂಡಿಚಿಪ್ಪಿನ ಹಾಗೆ ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್ ಸ್ನಾಯುರಜ್ಜುವಿನೊಳಗೇ ಹುದುಗಿ, ರಜ್ಜುವನ್ನು ಕೀಲಿನಿಂದ ಎತ್ತಿ ಹಿಡಿದು ಎಳೆತದ ಬಲ ಹೆಚ್ಚಿಸುತ್ತದೆ. ಅದರಿಂದ ಮುಂದಕ್ಕೆ ಎಳೆತ ಎರಡು ಕಟ್ಟುಗಳ (ಲಿಗಮೆಂಟ್) ಮೂಲಕ ಹ್ಯಾಮೇಟ್‌ನ ಕೊಕ್ಕೆಗೂ ಐದನೇ ಮೆಟಕಾರ್ಪಲ್‌ನ (ಕಿರುಬೆರಳಿನ ನೇರದ ಅಂಗೈ ಮೂಳೆಯ) ಬುಡಕ್ಕೂ ಹೋಗುತ್ತದೆ. ಮುಂಗೈ ಕಡೆಯ ಸಾಲಿನ ಉಳಿದ ಮೂರು ಮೂಳೆಗಳ ಹಾಗೆ ಅಂಗೈಯ ಭಾರವನ್ನು ಮುಂಗೈಗೆ ದಾಟಿಸುವ ಕೆಲಸ ಇದಕ್ಕಿಲ್ಲ.

ಕೈಯಲ್ಲೇ ನೋಡಿ. ಕಿರುಬೆರಳ ಕಡೆ, ಮಣಿಕಟ್ಟಿನ ಗೆರೆಯ ಮೇಲೆ ಸಿಗುವ ಗಟ್ಟಿ ಗುಬುಟೇ ಪಿಸಿಫಾರ್ಮ್. ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸಡಿಲವಾಗಿ ಒಳಕ್ಕೆ ಬಾಗಿಸಿ ಅದನ್ನು ಹಿಡಿದು ಅಲ್ಲಾಡಿಸಿ, ಅತ್ತಿತ್ತ ಸರಿಯುತ್ತದೆ. ಈಗ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ರಜ್ಜು ಬಿಗಿದು ಮೂಳೆ ಅಲ್ಲಾಡುವುದೇ ಇಲ್ಲ. ಬೇರೆ ಯಾವ ಕಾರ್ಪಲ್ ಮೂಳೆಯೂ ಹೀಗೆ ಬೆರಳಿಗೆ ಸಿಕ್ಕಿ ಜಾರುವುದಿಲ್ಲ.

ಇನ್ನು ಹ್ಯಾಮೇಟ್‌ನ ಕೊಕ್ಕೆ. ಇನ್ನೊಂದು ಕೈಯ ಹೆಬ್ಬೆರಳಿನ ತುದಿಯ ಗೆಣ್ಣನ್ನು ಪಿಸಿಫಾರ್ಮ್ ಮೇಲಿಟ್ಟು, ಉಗುರು ಇರುವ ತುದಿಯನ್ನು ಪರೀಕ್ಷಿಸುತ್ತಿರುವ ಕೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿಯತ್ತ ತಿರುಗಿಸಿ ಆಳವಾಗಿ ಒತ್ತಿ, ತುದಿಯ ಕೆಳಗೆ ಸಿಗುತ್ತದೆ. ಈ ಎರಡು ಗುಬುಟುಗಳ ನಡುವೆಯೇ ಅಲ್ನಾರ್ ನರ, ರಕ್ತನಾಳ ಹಾಯುವುದು. ಕೊಕ್ಕೆ ಮುರಿದಾಗ ಕಿರುಬೆರಳು ಜುಮ್ಮೆನ್ನುವುದು, ಬೆರಳುಗಳನ್ನು ಅಗಲಿಸಲು ಬಲ ಸಾಲದಿರುವುದು ಈ ಕಾರಣಕ್ಕೆ.

ಉತ್ತರ 3

ಮೇಲಿನ ಮಾತಿಗೆ ಒಂದು ತಿದ್ದುಪಡಿ ಬೇಕು. ಕೆಲಸ ಸೆಸಮಾಯ್ಡಿನದು, ನಿಜ. ಹುಟ್ಟು ಹಾಗಲ್ಲ. ಚಿಂಪಾಂಜಿಯಲ್ಲಿ ಮತ್ತು ಇತರ ಬಹುತೇಕ ಸಸ್ತನಿಗಳಲ್ಲಿ ಪಿಸಿಫಾರ್ಮ್ ಕಡ್ಡಿಯಂತೆ ಉದ್ದ, ಅದಕ್ಕೆ ತನ್ನದೇ ಬೆಳವಣಿಗೆಯ ತಟ್ಟೆ (ಮೂಳೆ ಉದ್ದ ಬೆಳೆಯುವ ಮೃದ್ವಸ್ಥಿಯ ಪದರ) ಇರುತ್ತದೆ. ಮನುಷ್ಯನಲ್ಲಿ ಆ ತಟ್ಟೆ ಹೋಗಿ ಮೂಳೆ ಬಟಾಣಿಯಾಗಿ ಉಳಿದಿದೆ. ಆದ್ದರಿಂದ ಎಂಟರಿಂದ ಅದನ್ನು ಹೊರಗಿಡುವುದು ಸರಿಯಲ್ಲ. ಪರೀಕ್ಷೆಯಲ್ಲಿ ‘ಸೆಸಮಾಯ್ಡಿನಂತೆ ಕೆಲಸ ಮಾಡುವ ಕಾರ್ಪಲ್ ಮೂಳೆ’ ಎಂದು ಬರೆದರೆ ಎರಡೂ ಸೇರಿತು.

ಹೆಬ್ಬೆರಳ ಬುಡದ ಮೂಳೆಗಳು ಅಪ್ಪಟ ಸೆಸಮಾಯ್ಡ್. ಎಳ್ಳಿನಿಂದ ಬಂದ ಹೆಸರು ಅವಕ್ಕೆ ಒಪ್ಪುತ್ತದೆ. ಮೊದಲ ಮೆಟಕಾರ್ಪಲ್‌ನ ತಲೆಯ ಮುಂದೆ ಸಾಮಾನ್ಯವಾಗಿ ಎರಡು ಇರುತ್ತವೆ. ತೋರುಬೆರಳ ಕಡೆಯದಕ್ಕೆ ಅಡಕ್ಟರ್ ಪಾಲಿಸಿಸ್ ಸ್ನಾಯು ಅಂಟಿಕೊಂಡಿರುತ್ತದೆ, ಹೊರಗಿನದಕ್ಕೆ ಫ್ಲೆಕ್ಸರ್ ಪಾಲಿಸಿಸ್ ಬ್ರೆವಿಸ್. ತೋರುಬೆರಳು, ಕಿರುಬೆರಳ ಬುಡದಲ್ಲೂ ಕೆಲವರಿಗೆ ಒಂದೊಂದು ಇರುತ್ತದೆ.

ಮುರಿದ ಚೂರೋ ಅಲ್ಲವೋ ಎನ್ನಲು ಅಂಚು ನೋಡಿ. ಸೆಸಮಾಯ್ಡ್‌ಗೆ ಸುತ್ತಲೂ ನುಣುಪಾದ ಬಿಳಿ ಗೆರೆ ಕಾಣುತ್ತದೆ. ಹೊಸ ಚೂರಿನ ಒಂದು ಬದಿಯಲ್ಲಿ ಆ ಗೆರೆ ಇರುವುದಿಲ್ಲ, ಅಂಚು ಹರಿತ, ಪಕ್ಕದ ಮೂಳೆಯಲ್ಲಿ ಅದು ಕಿತ್ತುಬಂದ ಜಾಗ ಹೊಂದುತ್ತದೆ. ಒತ್ತಿದಾಗ ಅಲ್ಲೇ ನೋವಿದೆಯೇ ಎಂಬುದನ್ನೂ ಸೇರಿಸಿ ನೋಡಿ. ಎಕ್ಸ್‌ರೇ ಒಂದನ್ನೇ ನಂಬಿದರೆ, ಹುಟ್ಟಿನಿಂದಲೇ ಎರಡು ಭಾಗವಾಗಿರುವ ಸೆಸಮಾಯ್ಡ್ ಮೋಸ ಮಾಡುತ್ತದೆ.

ಉತ್ತರ 4

ಚೂರಿನ ಮಾತು ಬಂದದ್ದರಿಂದ ಸ್ಕೇಫಾಯ್ಡ್ ಬಿಡಬೇಡಿ. ಅದರ ರಕ್ತ ಮುಖ್ಯವಾಗಿ ಹಿಂಬದಿಯ ಏಣಿನಲ್ಲಿ ಒಳಹೊಕ್ಕು ಮುಂಗೈಯತ್ತ ಹಿಮ್ಮುಖವಾಗಿ ಹರಿಯುತ್ತದೆ. ನಡುವಿನಲ್ಲಿ ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯುವ ಅಪಾಯ ಅದಕ್ಕೇ. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರುವುದುಂಟು. ಹೆಬ್ಬೆರಳ ಬುಡದ ಹಿಂದಿನ ಕುಳಿಯಲ್ಲಿ ಒತ್ತಿದರೆ ನೋವಿದ್ದರೆ ಕಟ್ಟು ಹಾಕಿ, 10ರಿಂದ 14 ದಿನಕ್ಕೆ ಮತ್ತೆ ತೆಗೆಯಬೇಕು, ಅಥವಾ ಎಂಆರ್‌ಐ. ಎಕ್ಸ್‌ರೇ ತೆಗೆಯುವಾಗ ಮಣಿಕಟ್ಟನ್ನು ಕಿರುಬೆರಳ ಕಡೆಗೆ ವಾಲಿಸಿ, ಆಗ ಮೂಳೆ ಉದ್ದವಾಗಿ ಚಾಚಿಕೊಂಡು ನಡು ಬಿಚ್ಚಿ ಕಾಣುತ್ತದೆ. ಹೆಬ್ಬೆರಳ ಕಡೆಗೆ ವಾಲಿಸಿದರೆ ಅದು ಅಂಗೈಯತ್ತ ಬಾಗಿ, ಚಿತ್ರದಲ್ಲಿ ಕುಗ್ಗಿ ಉಂಗುರದಂತಾಗುತ್ತದೆ, ಬಿರುಕು ಮುಚ್ಚಿಹೋಗುತ್ತದೆ.

ಪ್ರಶ್ನಿಸಿದವರು

ಗುರುತುಗಳು ಬಹಳ ಸಹಾಯವಾದವು. ಮಕ್ಕಳ ಎಕ್ಸ್‌ರೇಯಲ್ಲಿ ಎಂಟೂ ಕಾಣುವುದಿಲ್ಲವಲ್ಲ, ಯಾವ ಕ್ರಮದಲ್ಲಿ ಬರುತ್ತವೆ?

ಉತ್ತರ 3 ಬರೆದವರು

ಹುಟ್ಟಿದಾಗ ಸಾಮಾನ್ಯವಾಗಿ ಒಂದೂ ಇರುವುದಿಲ್ಲ, ಎಲ್ಲವೂ ಇನ್ನೂ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಕ್ಯಾಪಿಟೇಟ್, ಅದರ ಬೆನ್ನಿಗೇ ಹ್ಯಾಮೇಟ್. ಆಮೇಲೆ 3ನೇ ವರ್ಷದ ಆಸುಪಾಸು ಟ್ರೈಕ್ವೆಟ್ರಮ್, 4ರ ಸುಮಾರಿಗೆ ಲುನೇಟ್. ಸ್ಕೇಫಾಯ್ಡ್, ಟ್ರಪೀಜಿಯಮ್, ಟ್ರಪೀಜಾಯ್ಡ್ 4ರಿಂದ 6ರೊಳಗೆ, ಇವುಗಳ ಕ್ರಮ ಮಗುವಿನಿಂದ ಮಗುವಿಗೆ ಬದಲಾಗುತ್ತದೆ. ಪಿಸಿಫಾರ್ಮ್ ಎಲ್ಲಕ್ಕಿಂತ ತಡ, ಸುಮಾರು 9ರಿಂದ 12ರಲ್ಲಿ. ಹುಡುಗಿಯರಲ್ಲಿ ಎಲ್ಲವೂ ಸ್ವಲ್ಪ ಮುಂಚೆ. ಹೆಬ್ಬೆರಳ ಅಡಕ್ಟರ್ ಸೆಸಮಾಯ್ಡ್ ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ 13ಕ್ಕೆ ಮೂಡುತ್ತದೆ. ಎತ್ತರ ಸರಸರನೆ ಏರುವ ಕಾಲವೂ ಅದೇ ಆದ್ದರಿಂದ, ವಕ್ರದಂತ ಸರಿಪಡಿಸುವ ವೈದ್ಯರು ಚಿಕಿತ್ಸೆ ಯಾವಾಗ ಶುರುಮಾಡಬೇಕೆಂದು ತಿಳಿಯಲು ಕೈಯ ಎಕ್ಸ್‌ರೇಯಲ್ಲಿ ಈ ಎಳ್ಳುಕಾಳನ್ನು ಹುಡುಕುತ್ತಾರೆ.