ನಿಂತಾಗ 6 ಬಾರ್, ಓಡಿಸಿದರೆ 4: ಬ್ಲಾಸ್ಟ್ ನಾಝಲ್ ಸಣ್ಣದು ಮಾಡಬೇಕಾ?

ಗೇಜ್‌ಐದು:
5 ಇಂಚು ಗೇಜಿನ (ಹಳಿಗಳ ನಡುವಿನ ಅಂತರ) ಮಾದರಿ ಉಗಿ ರೈಲು ಎಂಜಿನ್, ನೀರಿನ ಟ್ಯಾಂಕ್ ಮೈಮೇಲೇ ಇರೋದು, ಕಲ್ಲಿದ್ದಲಿನದು. ಎರಡು ಸಿಲಿಂಡರ್, ಬೋರ್ (ಒಳವ್ಯಾಸ) 35 ಮಿಮೀ. ನಿಂತಿರುವಾಗ ಬ್ಲೋವರ್ (ಚಿಮಣಿಯೊಳಕ್ಕೆ ಉಗಿ ಊದಿ ಬೆಂಕಿಗೆ ಗಾಳಿ ಎಳೆಯೋದು) ತೆರೆದರೆ ಬಾಯ್ಲರ್ ಒತ್ತಡ ಸಲೀಸಾಗಿ 6 ಬಾರ್ ಬರುತ್ತೆ. ಎರಡು ಸುತ್ತು ಓಡಿಸಿದರೆ 4ಕ್ಕಿಳಿದು ಅಲ್ಲೇ ಕೂರುತ್ತೆ. ಸಿಲಿಂಡರಿನಿಂದ ಹೊರಬರೋ ಉಗಿಯನ್ನು ಚಿಮಣಿಯೊಳಕ್ಕೆ ಊದೋ ಬ್ಲಾಸ್ಟ್ ನಾಝಲ್‌ನ ತೂತು 6.5 ಮಿಮೀ, ಚಿಮಣಿಯ ಕಿರಿದಾದ ಭಾಗದ ಒಳವ್ಯಾಸ 18 ಮಿಮೀ. ನಾಝಲ್ ಎಷ್ಟಕ್ಕೆ ಇಳಿಸಲಿ?

ಕೆಂಡದಬುಟ್ಟಿ:
ನಾಝಲ್ ಮುಟ್ಟೋ ಮುಂಚೆ ಆಕ್ಸಲ್ ಪಂಪ್ (ಚಕ್ರದ ಅಚ್ಚಿನಿಂದ ನಡೆದು ಬಾಯ್ಲರಿಗೆ ನೀರು ತುಂಬೋದು) ನೋಡಿ ಸರ್. ಬೈಪಾಸ್ ಪೂರ್ತಿ ತೆರೆದು, ನೀರು ಟ್ಯಾಂಕಿಗೇ ವಾಪಸ್ ಹೋಗೋ ಹಾಗೆ ಮಾಡಿ ಒಂದೇ ಸುತ್ತು ಓಡಿಸಿ. ಬಾಯ್ಲರಿನ ಮಟ್ಟ ತೋರಿಸೋ ಗಾಜಿನಲ್ಲಿ ನೀರು ಅರ್ಧಕ್ಕಿಂತ ಮೇಲಿರಲಿ. ಆಗ ಒತ್ತಡ ಇಳಿಯದೆ ನಿಂತರೆ ತಪ್ಪು ಹೊಗೆ ಎಳೆತದ್ದಲ್ಲ, ತಣ್ಣೀರು ಜಾಸ್ತಿ ಹೋಗ್ತಿದೆ ಅಂತ. ಟ್ಯೂಬುಗಳಿಗೆ ಬ್ರಷ್ ಹಾಕಿ, ಬೂದಿ ತಟ್ಟೆ ಖಾಲಿ ಮಾಡಿದ್ದೀರಿ ಅಂದ್ಕೋತೀನಿ.

ಲೇತ್‌ಮನೆ:
ಪಂಪ್ ಪರೀಕ್ಷೆ ಸರಿ, ಆದರೂ 35ರ ಬೋರ್‌ಗೆ 6.5 ದೊಡ್ಡದೇ. ಹಳೇ ಲೆಕ್ಕ ಬೋರಿನ ಏಳನೇ ಒಂದು ಭಾಗ, ಅಂದರೆ 5 ಮಿಮೀ. ತೂತು ದೊಡ್ಡದಾದರೆ ಉಗಿಯ ವೇಗ ಕಡಿಮೆ, ಎಳೆತವೂ ಕಡಿಮೆ. ತೀರಾ ಸಣ್ಣದಾದರೆ ಸಿಲಿಂಡರಿಗೆ ಹಿಂದೊತ್ತಡ ಬೀಳುತ್ತೆ, ಬೆಂಕಿಯಲ್ಲಿ ತೂತು ಬಿದ್ದು ಕೆಂಡ ಚಿಮಣಿಯಿಂದ ಹಾರುತ್ತೆ. ಹಿತ್ತಾಳೆಯಲ್ಲಿ ತಿರುಗಿಸಿ ಹಾಕೋ ಮೂರು ತುದಿ ಮಾಡಿಟ್ಟುಕೊಳ್ಳಿ: 6, 5.5, 5. ದೊಡ್ಡದರಿಂದ ಶುರು ಮಾಡಿ.

ಅದಕ್ಕಿಂತ ಮುಖ್ಯ ಎತ್ತರ. ನಾಝಲ್ ಬಾಯಿಂದ 6 ಮಿಮೀ ಎತ್ತರಕ್ಕೆ 1 ಮಿಮೀಯಂತೆ ಅಗಲವಾಗೋ ಊಹೆಯ ಶಂಕು ಚಿಮಣಿಯ ಕಿರಿದಾದ ಜಾಗವನ್ನು ಸವರಬೇಕು. ನಿಮ್ಮ 18ಕ್ಕೆ 108 ಮಿಮೀ ಬೇಕು. ಪೆಟಿಕೋಟ್ (ಚಿಮಣಿಯ ಅಗಲವಾದ ಕೆಳತುದಿ) ಬಾಯಿಗೆ 3ಕ್ಕೆ 1: ಅದು ನಾಝಲ್‌ನಿಂದ 72 ಮಿಮೀ ಮೇಲಿದ್ದರೆ ಬಾಯಿ 24. ನಾಝಲ್ ಒಂದು ಡಿಗ್ರಿ ವಾಲಿದರೂ 108 ಮಿಮೀ ಮೇಲೆ ಉಗಿ ಸುಮಾರು 2 ಮಿಮೀ ಪಕ್ಕಕ್ಕೆ ಹೋಗುತ್ತೆ. ತೂತಿಗೆ ಬಿಗಿಯಾಗಿ ಕೂರೋ ನೇರ ಸರಳು ನಿಲ್ಲಿಸಿ, ಚಿಮಣಿ ಗೋಡೆಗೆ ನಾಲ್ಕೂ ಕಡೆ ಅಂತರ ಅಳೆಯಿರಿ.

ಕೆಂಡದಬುಟ್ಟಿ:
ಗಾಳಿ ಸೋರಿಕೆ ಮರೀಬೇಡಿ. ಬ್ಲೋವರ್ ತೆರೆದು ಸ್ಮೋಕ್‌ಬಾಕ್ಸ್ (ಚಿಮಣಿಯ ಕೆಳಗಿನ ಹೊಗೆ ಪೆಟ್ಟಿಗೆ) ಬಾಗಿಲಂಚು, ಉಗಿ ಪೈಪ್ ಒಳಹೋಗೋ ತೂತುಗಳ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದ ಕಡೆ ಸೋರಿಕೆ. ನಿಂತಾಗ ಬ್ಲೋವರ್ ಒತ್ತಡ ಏರಿಸಿತು ಅಂತ ಸೋರಿಕೆ ಇಲ್ಲ ಅನ್ನೋಕಾಗಲ್ಲ, ಆಗ ಸಿಲಿಂಡರಿಗೆ ಉಗಿ ಖರ್ಚೇ ಇಲ್ಲವಲ್ಲ.

ಗೇಜ್‌ಐದು:
ಬೈಪಾಸ್ ತೆರೆದರೂ 4.3. ಊದುಬತ್ತಿ ಹೊಗೆ ಎಲ್ಲೂ ಬಾಗಲಿಲ್ಲ. ಸರಳು ನೇರ ಇದೆ. ಆದರೆ ನಾಝಲ್‌ನಿಂದ ಕಿರಿದಾದ ಭಾಗಕ್ಕೆ ಬರೀ 86 ಮಿಮೀ.

ಲೇತ್‌ಮನೆ:
ಅಲ್ಲೇ ಇದೆ ನೋಡಿ. 86ಕ್ಕೆ ಶಂಕು 14ರ ಆಸುಪಾಸು ಅಷ್ಟೇ ಅಗಲ, ಸುತ್ತ 2 ಮಿಮೀ ಖಾಲಿ. ಆ ಸಂದಿಯಿಂದ ಹೊರಗಾಳಿ ಕೆಳಗಿಳಿಯುತ್ತೆ. ಚಿಮಣಿಯೊಳಗೆ ತೋಳು (ಕಿರಿದಾದ ಕೊಳವೆ) ಹಾಕಿ 14ಕ್ಕೆ ಇಳಿಸೋದು ಸುಲಭ, ಆದರೆ ಹೊಗೆಗೆ ದಾರಿ ಇಕ್ಕಟ್ಟು. ಜಾಗ ಇದ್ದರೆ ನಾಝಲ್ ಹೊತ್ತ ಬ್ಲಾಸ್ಟ್ ಪೈಪನ್ನೇ 22 ಮಿಮೀ ಕತ್ತರಿಸಿ, ಪೆಟಿಕೋಟ್ ಬಾಯಿ ಮತ್ತೆ ಅಳೆದು, 6ರ ತುದಿ ಹಾಕಿ ನೋಡಿ. ಬ್ಲೋವರ್ ಉಂಗುರವನ್ನೂ ಅಷ್ಟೇ ಕೆಳಗಿಳಿಸಿ, ಇಲ್ಲದಿದ್ದರೆ ಅದು ಬ್ಲಾಸ್ಟಿಗೆ ಅಡ್ಡ ಬರುತ್ತೆ.